ಮಾತೆಯ ಹೆಸರಿನ ದ್ವೀಪದಲ್ಲಿ ಒಂದು ದಿನ

ಕೆರಿಬಿಯನ್ ದ್ವೀಪಗಳು ನಮ್ಮ ಜೇಬಿಗೆ ಬಲು ದೂರ. ಕುಪವಾಡದ ನಮ್ಮ ಕುಟುಂಬಗಳಿಗೆ ರಜೆಯಲ್ಲಿ ಎಟಕುವ ದ್ವೀಪವೆಂದರೆ ಸೇಂಟ್ ಮೇರಿಸ್. ಮಿರಜಿನಿಂದ ಬೆಳಗಾವಿ, ಮಡಗಾಂವ್ ದಾರಿಯಾಗಿ ರೈಲಿನಲ್ಲಿ ಉಡುಪಿ ಸೇರಿ, ಮಲ್ಪೆಯಲ್ಲಿ ದೋಣಿ ಹತ್ತಿದರಾಯಿತು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮರಿಯ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ.

ನಮಗೆ ಕಲ್ಲೇ ಹೆಚ್ಚಿನ ಬೆರಗು. ಯಾರೋ ಕೆತ್ತಿ ನಿಲ್ಲಿಸಿದಂಥ ಐದಾರು ಮೂಲೆಯ ಕಂಬಗಳು! ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ ತಣಿದು, ಬಿರುಕುಬಿಟ್ಟು ಹೀಗಾಯಿತು. ನಮ್ಮ ಸಾಂಗ್ಲಿ ಸೀಮೆಯ ಕರಿಕಲ್ಲೂ ಲಾವಾದ್ದೇ. ಆದರೆ ವಯಸ್ಸಿನಲ್ಲಿ ಎರಡು ಕೋಟಿ ವರ್ಷ ಕಿರಿದು.

ಮಕ್ಕಳು ಕಂಬಗಳ ಮೂಲೆ ಎಣಿಸಲಿ, ಚಿಪ್ಪು ನೋಡಲಿ. ನೀರಿಗೆ ಮಾತ್ರ ಬಿಡಬೇಡಿ. ಬಂಡೆ ಜಾರುತ್ತದೆ, ಫೋಟೋಕ್ಕೆಂದು ನಿಂತವರನ್ನು ಅಲೆ ಎಳೆದೊಯ್ದದ್ದುಂಟು. ಮಳೆಗಾಲದಲ್ಲಿ ದೋಣಿಯಿಲ್ಲ, ರಾತ್ರಿ ತಂಗುವಂತಿಲ್ಲ. ಕೊನೆಯ ದೋಣಿಯ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಿ.