ಕಾಮದ ಗೀಳು ಮತ್ತು ಸಂಕಲ್ಪಶಕ್ತಿ

ಕಾಮವು ದೇಹಧಾರಿಗಳಿಗೆ ಸಹಜವಾದ ಪ್ರವೃತ್ತಿ. ಅರಿಷಡ್ವರ್ಗದಲ್ಲಿ ಅದಕ್ಕೆ ಮೊದಲ ಸ್ಥಾನವಿದ್ದರೂ ಪುರುಷಾರ್ಥಗಳಲ್ಲಿಯೂ ಅದು ಒಂದಾಗಿದೆ. ಆದುದರಿಂದ ಕಾಮವೇ ದೋಷವೆನ್ನಲಾಗದು. ಆದರೆ ಕೆಲವರಲ್ಲಿ ಅದು ಗೀಳಾಗಿ ಪರಿಣಮಿಸುತ್ತದೆ. ಬೇಡವೆಂದು ನಿಶ್ಚಯಿಸಿದವನೇ ಮತ್ತೆ ಮತ್ತೆ ಅದಕ್ಕೆ ಈಡಾಗುತ್ತಾನೆ. ಇಂದು ಆಣೆಯಿಟ್ಟು ನಾಳೆ ಮುರಿಯುತ್ತಾನೆ. ‘ಮನಸ್ಸು ಮಾಡಿದರೆ ಬಿಡಲಾಗದೆ?’ ಎಂದು ಲೋಕವು ಕೇಳುತ್ತದೆ. ದೀಪವನ್ನು ಆರಿಸಿದಂತೆ ಈ ಗೀಳನ್ನು ಇಚ್ಛಾಮಾತ್ರದಿಂದ ಆರಿಸಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಗೀಳಿನ ಲಕ್ಷಣವನ್ನು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣವು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿತು. ಅದು ಈ ಸ್ಥಿತಿಯನ್ನು ವ್ಯಸನಗಳ ಸಾಲಿನಲ್ಲಿರಿಸದೆ ಆವೇಗನಿಯಂತ್ರಣದ ದೋಷಗಳಲ್ಲಿ ಸೇರಿಸಿದೆ. ಆವೇಗವನ್ನು ತಡೆಯುವ ಯತ್ನವು ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಿಫಲವಾಗುತ್ತಿರಬೇಕು. ಅದರಿಂದ ತೀವ್ರವಾದ ಸಂಕಟವೋ, ಆರೋಗ್ಯ, ಸಂಸಾರ, ಕರ್ತವ್ಯಗಳಿಗೆ ಹಾನಿಯೋ ಆಗಿರಬೇಕು. ಬಯಕೆ ಹೆಚ್ಚಾಗಿದೆಯೆಂಬುದಾಗಲಿ, ಅದು ಅನೈತಿಕವೆಂಬ ಭಾವನೆಯಿಂದ ಮಾತ್ರ ಹುಟ್ಟಿದ ಕೊರಗಾಗಲಿ ರೋಗಲಕ್ಷಣವಲ್ಲ. ತನ್ನ ಸಹಜ ಬಯಕೆಗೇ ನಾಚಿ ತರುಣನೊಬ್ಬನು ತನ್ನನ್ನು ರೋಗಿಯೆಂದು ಭಾವಿಸಬೇಕಾಗಿಲ್ಲ.

ಆವೇಗದ ಬಲವು ದೇಹವನ್ನೂ ಅವಲಂಬಿಸಿದೆಯೆಂಬುದಕ್ಕೆ ಪಾರ್ಕಿನ್ಸನ್ ರೋಗದ ಚಿಕಿತ್ಸೆಯಲ್ಲಿ ಸ್ಪಷ್ಟವಾದ ನಿದರ್ಶನವಿದೆ. ಮಿದುಳಿನಲ್ಲಿ ಡೋಪಮೈನಿನ ಕಾರ್ಯವನ್ನು ಅನುಕರಿಸುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದ ಔಷಧಿಗಳನ್ನು ಸೇವಿಸಿದ ಕೆಲವರಲ್ಲಿ ಜೂಜಿನ ಚಟವೋ ಅತಿಕಾಮವೋ ಹೊಸದಾಗಿ ತಲೆದೋರುತ್ತದೆ. ವೈದ್ಯರು ಔಷಧಿಯ ಪ್ರಮಾಣವನ್ನು ಇಳಿಸಿದಾಗ ಅನೇಕರಲ್ಲಿ ಅದು ಶಮನಗೊಳ್ಳುತ್ತದೆ. ಅವರ ಶೀಲವು ಒಂದು ಗುಳಿಗೆಯಿಂದ ಕೆಟ್ಟು ಮತ್ತೆ ಸರಿಹೋಯಿತೆನ್ನುವುದು ಯುಕ್ತವಲ್ಲ. ಗೀಳೆಲ್ಲವೂ ಔಷಧಜನ್ಯವೆಂದು ಇದರ ಅರ್ಥವಲ್ಲ. ಸಂಕಲ್ಪವೊಂದೇ ಕಾರಣವಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಬಯಸುವುದು ಬೇರೆ, ಸುಖಿಸುವುದು ಬೇರೆ ಎಂಬುದನ್ನು ರಾಬಿನ್ಸನ್ ಮತ್ತು ಬೆರಿಡ್ಜ್ ಎಂಬ ವಿಜ್ಞಾನಿಗಳು ವ್ಯಸನವನ್ನು ಕುರಿತು 1993ರಲ್ಲಿ ಪ್ರತಿಪಾದಿಸಿದರು. ಸುಖವು ಕುಂದಿದರೂ ಬಯಕೆಯು ಬಲಿಯುತ್ತ ಹೋಗಬಹುದು. ಮಗನ ಯೌವನವನ್ನು ಎರವಲು ಪಡೆದ ಯಯಾತಿಯು ಕಡೆಗೆ ಕಂಡುಕೊಂಡುದೂ ಭೋಗದಿಂದ ಕಾಮವು ತಣಿಯದೆಂಬುದನ್ನೇ.

ಹಾಗಾದರೆ ಬಲವಂತವಾಗಿ ಅದುಮಿದರೆ ಆಗದೆ? ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿಯ ಕರಡಿಯನ್ನು ನೆನೆಯಕೂಡದೆಂದು ಕೆಲವರಿಗೆ ಹೇಳಲಾಯಿತು. ಅವರಿಗೆ ಅದು ಸಾಧ್ಯವಾಗಲಿಲ್ಲ. ನಿರ್ಬಂಧವನ್ನು ತೆಗೆದ ಮೇಲಂತೂ ಆ ನೆನಪು ಮತ್ತಷ್ಟು ಹೆಚ್ಚಿತು. ಇಂದ್ರಿಯಗಳ ನಿಗ್ರಹದಿಂದಲೇ ದೋಷಗಳು ಎದುರಾಗುವುದನ್ನು ಬಸವಣ್ಣನವರೂ ಒಂದು ವಚನದಲ್ಲಿ ಎತ್ತಿ ತೋರಿಸಿದ್ದಾರೆ. ಒಂದು ಪ್ರಯೋಗದ ಮಾತು, ಇನ್ನೊಂದು ಅನುಭಾವದ ಮಾತು, ಎರಡನ್ನೂ ಒಂದೆನ್ನಲಾಗದು. ಆದರೂ ಅದುಮುವುದೇ ಗೆಲ್ಲುವುದಲ್ಲವೆಂಬ ಎಚ್ಚರಿಕೆ ಎರಡರಲ್ಲಿಯೂ ಇದೆ.

ಇಷ್ಟರಿಂದ ಸಂಕಲ್ಪವು ವ್ಯರ್ಥವೆಂದಾಗಲಿ, ಪರರಿಗೆ ಮಾಡಿದ ಅಪಚಾರಕ್ಕೆ ಹೊಣೆಯಿಲ್ಲವೆಂದಾಗಲಿ ಭಾವಿಸಕೂಡದು. ಆವೇಗವು ಏಳದಂತೆ ಮಾಡುವುದು ಮನುಷ್ಯನ ಕೈಯಲ್ಲಿಲ್ಲ. ಎದ್ದ ಮೇಲೆ ಇಡುವ ಹೆಜ್ಜೆಯನ್ನು ಬದಲಿಸುವುದನ್ನು ಅಭ್ಯಾಸದಿಂದ ಕಲಿಯಬಹುದು. ಏಕಾಂತ, ನಿದ್ರಾಹೀನತೆ, ದುಃಖ, ಕೋಪ ಇವುಗಳಲ್ಲಿ ಯಾವುದು ತನ್ನನ್ನು ಅತ್ತ ತಳ್ಳುತ್ತದೆಂಬುದನ್ನು ಗುರುತಿಸುವುದು, ಪ್ರಚೋದಕಗಳಿಂದ ಮೊದಲೇ ದೂರವಿರುವುದು, ಆವೇಗವು ಅಲೆಯಂತೆ ಏರಿ ಇಳಿಯುವವರೆಗೆ ಅದನ್ನು ಸಾಕ್ಷಿಯಾಗಿ ನೋಡುವುದು ಇಂದಿನ ಮನೋಚಿಕಿತ್ಸೆಯ ಕ್ರಮಗಳು. ಒಮ್ಮೆ ಜಾರಿದವನು ‘ಎಲ್ಲವೂ ಮುಗಿಯಿತು’ ಎಂಬ ಹತಾಶೆಯಿಂದಲೇ ಪೂರ್ಣವಾಗಿ ಬೀಳುತ್ತಾನೆಂದು ಅಲನ್ ಮಾರ್ಲಟ್ ಎಚ್ಚರಿಸಿದ್ದರು. ಅಗತ್ಯವಿದ್ದಲ್ಲಿ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

ಆದುದರಿಂದ ಗೀಳು ಒಂದು ಕ್ಷಣದ ಆಣೆಗೆ ಆರುವ ದೀಪವಲ್ಲ. ಎಣ್ಣೆಯೆರೆಯುವುದನ್ನು ನಿಲ್ಲಿಸಿದಂತೆ ಕ್ರಮೇಣ ಕುಗ್ಗುವ ಉರಿ. ನೆರವನ್ನು ಬೇಡುವುದೂ ಸಂಕಲ್ಪದ ಒಂದು ರೂಪವೇ. ಬಿದ್ದವನನ್ನು ಹಳಿಯುವುದರಿಂದ ಅವನು ತನ್ನ ಕಷ್ಟವನ್ನು ಮತ್ತಷ್ಟು ಮರೆಮಾಚುವನಲ್ಲದೆ ಬಿಡುಗಡೆ ಹೊಂದಲಾರನು.