ಗಾಳಿಗೂ ಬಾಡಿಗೆ ಕಟ್ಟಬೇಕೇ?

ಹಡಗಿನಲ್ಲಿ ಬಂದ ಸರಕಿನ ಬೆಲೆ ಕೇಳಿ ನಾವು ಡಾಲರ್ ದರ, ತೆರಿಗೆ, ದಲ್ಲಾಳಿಗಳನ್ನು ಬೈಯುತ್ತೇವೆ. ಆ ಸರಕಿನ ಜತೆ ಎಷ್ಟು ಗಾಳಿ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಂಟೇನರ್ ತುಂಬಿದ್ದರೂ ಅರ್ಧ ಖಾಲಿಯಿದ್ದರೂ ಅದರ ಹಡಗಿನ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಖಾಲಿ ಉಳಿದ ಜಾಗದ ಬಾಡಿಗೆಯೂ ಕೊನೆಗೆ ಸರಕಿನ ಬೆಲೆಗೇ ಸೇರುತ್ತದೆ.

ಸಮುದ್ರವನ್ನೇ ಕಾಣದ ಕಳ್ಳಕವಟಗಿಯಂಥ ಊರಿನವರಿಗೆ ಇದರ ಉಸಾಬರಿ ಯಾಕೆ ಎನ್ನಬೇಡಿ. ತಿಕೋಟಾ, ಬಬಲೇಶ್ವರ ಭಾಗದ ಬದುಕು ನಿಂತಿರುವುದೇ ದ್ರಾಕ್ಷಿಯ ಮೇಲೆ. ಶೆಡ್ಡಿನಲ್ಲಿ ಒಣಗಿಸಿದ ಮಣೂಕ ವಿಜಯಪುರಕ್ಕೂ ಗಡಿಯಾಚೆಯ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೂ ಹೋಗುತ್ತದೆ. ಅದನ್ನು ಹೊರದೇಶಕ್ಕೆ ಕಳಿಸಬೇಕೆಂದರೆ ಕಂಟೇನರ್ ಬೇಕೇ ಬೇಕು. ಆಮದು ಮಾಡುವವನು ಲೆಕ್ಕ ಹಾಕುವುದು ತನ್ನ ಬಂದರಿಗೆ ಮುಟ್ಟಿದ ಮೇಲೆ ಕಿಲೋಗೆ ಎಷ್ಟು ಬಿತ್ತು ಎಂದು. ಬಾಡಿಗೆಯಲ್ಲಿ ಒಂದು ರೂಪಾಯಿ ಉಳಿದರೆ ರೈತನಿಗೆ ಅಷ್ಟು ಹೆಚ್ಚು ಕೇಳಲು ಜಾಗ ಸಿಗುತ್ತದೆ.

ಕಂಟೇನರಿನ ಕಥೆ ಹಳೆಯದೇನಲ್ಲ. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಉದ್ಯಮಿ ಮಾಲ್ಕಂ ಮೆಕ್ಲೀನ್ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ ಸಾಗಿಸಿದ. ಅಲ್ಲಿಯವರೆಗೆ ಮೂಟೆ ಮೂಟೆಯಾಗಿ ಹೊತ್ತು ಹಡಗಿಗೆ ಹಾಕುತ್ತಿದ್ದ ಸರಕು, ಲಾರಿಯಿಂದ ಪೆಟ್ಟಿಗೆ ಸಮೇತ ಹಡಗಿಗೆ ಏರುವಂತಾಯಿತು. ಹೇರುವ ಖರ್ಚು ಪಾತಾಳಕ್ಕಿಳಿಯಿತು. ಆದರೆ ಪೆಟ್ಟಿಗೆಯೊಳಗೆ ಜೋಡಿಸುವ ಜಾಣತನ ನಮ್ಮ ಪಾಲಿಗೇ ಉಳಿಯಿತು.

ಈಗ ಸ್ವಲ್ಪ ಗಣಿತ. 20 ಅಡಿ ಕಂಟೇನರಿನ ಒಳಗಿನ ಉದ್ದ ಸುಮಾರು 589 ಸೆಂ.ಮೀ., ಅಗಲ 235, ಎತ್ತರ 239. ಹತ್ತು ಕಿಲೋ ಮಣೂಕ ಹಿಡಿಯುವ ರಟ್ಟಿನ ಬಾಕ್ಸಿನ ಅಳತೆ 40×30×15 ಸೆಂ.ಮೀ. ಎಂದುಕೊಳ್ಳಿ. ಎಲ್ಲ ಬಾಕ್ಸ್‌ಗಳನ್ನೂ ಒಂದೇ ದಿಕ್ಕಿಗೆ, ಅಂದರೆ 40 ಸೆಂ.ಮೀ. ಬದಿಯನ್ನು ಉದ್ದಕ್ಕೆ ಇಟ್ಟರೆ, ಒಂದು ಸಾಲಿಗೆ 14ರಂತೆ ಏಳು ಸಾಲು, ಅಂದರೆ ಒಂದು ಪದರಕ್ಕೆ 98 ಬಾಕ್ಸ್. ಪಕ್ಕದಲ್ಲಿ 25 ಸೆಂ.ಮೀ. ಜಾಗ ಹಾಳು. ಅದರ ಬದಲು ಐದು ಸಾಲುಗಳನ್ನು ಅಡ್ಡ ತಿರುಗಿಸಿ (ಸಾಲಿಗೆ 19), ಉಳಿದ ಜಾಗದಲ್ಲಿ ಒಂದೇ ಸಾಲನ್ನು ಉದ್ದಕ್ಕೆ (14) ಇಡಿ. 95 ಮತ್ತು 14 ಸೇರಿ 109! ಹದಿನೈದು ಪದರಕ್ಕೆ ಮೊದಲಿನ ಕ್ರಮದಲ್ಲಿ 1,470 ಬಾಕ್ಸ್, ಎರಡನೆಯದರಲ್ಲಿ 1,635. ಹೊಸ ಯಂತ್ರವಿಲ್ಲ, ಸಾಲವಿಲ್ಲ, ಬಾಕ್ಸ್ ತಿರುಗಿಸಿದ್ದಷ್ಟೇ. ಒಂದೂವರೆ ಟನ್‌ಗಿಂತ ಹೆಚ್ಚು ಮಾಲು ಅದೇ ಬಾಡಿಗೆಯಲ್ಲಿ ಹೋಯಿತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅಷ್ಟೇ ಮಾಲನ್ನು ಇನ್ನೂ ಒತ್ತಾಗಿ 38×29×15 ಅಳತೆಯ ಬಾಕ್ಸಿನಲ್ಲಿ ತುಂಬಲು ಸಾಧ್ಯವಾದರೆ, ಅಗಲಕ್ಕೆ 6, ಉದ್ದಕ್ಕೆ 20, ಪದರಕ್ಕೆ 120. ಒಟ್ಟು 1,800 ಬಾಕ್ಸ್. ಬಾಡಿಗೆ ಒಂದೂವರೆ ಲಕ್ಷ ಎಂದು ಲೆಕ್ಕಕ್ಕಾಗಿ ಹಿಡಿದರೆ, ಮೊದಲ ಕ್ರಮದಲ್ಲಿ ಕಿಲೋಗೆ ₹10.20, ಎರಡನೆಯದರಲ್ಲಿ ₹9.17, ಮೂರನೆಯದರಲ್ಲಿ ₹8.33. ಅಂದರೆ ಹಣ ಉಳಿಸುವ ಕೆಲಸ ಬಂದರಿನಲ್ಲಿ ಅಲ್ಲ, ಬಾಕ್ಸಿಗೆ ಆರ್ಡರ್ ಕೊಡುವ ದಿನವೇ ಶುರುವಾಗುತ್ತದೆ.

ಹಾಗಂತ ತುರುಕುವುದೇ ಜಾಣತನವಲ್ಲ. ಬಂಡಿಗೆ ಕಣಿಕೆ ಹೇರಿದ ನಮ್ಮ ಹಿರಿಯರಿಗೆ ಇದು ಗೊತ್ತು: ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆ. ಕಂಟೇನರಿಗೂ ಅದೇ ನ್ಯಾಯ. ಉದ್ದದ ಅರ್ಧ ಭಾಗದಲ್ಲಿ ಒಟ್ಟು ತೂಕದ ಶೇ 60ಕ್ಕಿಂತ ಹೆಚ್ಚು ಬೀಳಬಾರದು ಎಂಬುದು ರೂಢಿಯ ನಿಯಮ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ರಟ್ಟಿನ ಬಾಕ್ಸಿನ ಬಲವೆಲ್ಲ ಮೂಲೆಗಳಲ್ಲಿರುವುದರಿಂದ ಮೂಲೆಯ ಮೇಲೆ ಮೂಲೆ ಕೂರಬೇಕು. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ಖಚಿತ ತೂಕವನ್ನು ಘೋಷಿಸದೆ ಅದನ್ನು ಹಡಗಿಗೆ ಏರಿಸುವಂತಿಲ್ಲ. ಹಸಿ ದ್ರಾಕ್ಷಿಯ ಮಾತೇ ಬೇರೆ. ತಂಪು ಕಂಟೇನರಿನಲ್ಲಿ ಗಾಳಿ ನೆಲದಿಂದ ಮೇಲಕ್ಕೆ ಹರಿಯುತ್ತದೆ. ಗೋಡೆಯ ಮೇಲಿನ ಕೆಂಪು ಗೆರೆ ದಾಟಿ ತುಂಬಿದರೆ ಆ ಹರಿವು ಕಟ್ಟಿ ಹಣ್ಣು ಕೆಡುತ್ತದೆ. ಅಲ್ಲಿ ಗಾಳಿಗೆ ಬಾಡಿಗೆ ಕಟ್ಟಲೇಬೇಕು!

ಪ್ಯಾಲೆಟ್ ವಿಷಯದಲ್ಲೂ ಹಾಗೆಯೇ. 120×100 ಸೆಂ.ಮೀ. ಪ್ಯಾಲೆಟ್‌ಗಳು 20 ಅಡಿ ಕಂಟೇನರಿನಲ್ಲಿ ಹತ್ತು ಹಿಡಿಯುತ್ತವೆ. ನಮ್ಮ 40×30 ಬಾಕ್ಸ್ ಲೆಕ್ಕದಲ್ಲಿ 14 ಪದರಕ್ಕೆ 1,400 ಮಾತ್ರ. 235 ಬಾಕ್ಸ್ ನಷ್ಟ. ಆದರೆ ಹಮಾಲರು ಗಂಟೆಗಟ್ಟಲೆ ಮಾಡುವ ಕೆಲಸವನ್ನು ಫೋರ್ಕ್‌ಲಿಫ್ಟ್ ಬೇಗ ಮುಗಿಸುತ್ತದೆ, ಬಾಕ್ಸ್ ಒಡೆಯುವುದೂ ಕಡಿಮೆ. ಕೂಲಿ ದುಬಾರಿಯಾದ ದೇಶದ ಖರೀದಿದಾರ ಪ್ಯಾಲೆಟ್ಟನ್ನೇ ಕೇಳಬಹುದು. ಎರಡನ್ನೂ ತೂಗಿ ನೋಡಬೇಕು.

ಆಮದಿನ ಕಡೆಯಿಂದ ನೋಡಿದರೆ ಲಾಭ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಆಮದು ಸುಂಕವನ್ನು ಸರಕಿನ ಬೆಲೆಗೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಹಾಗಾಗಿ ಬಾಡಿಗೆ ಇಳಿದರೆ, ಶೇಕಡಾವಾರು ಸುಂಕವಿರುವ ಸರಕಿಗೆ ಸುಂಕವೂ ಇಳಿಯುತ್ತದೆ. ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುವ ಕರಾವಳಿಯ ಕಾರ್ಖಾನೆಗಳಿಗೆ ಇಂಥ ಪ್ರತಿ ರೂಪಾಯಿಯೂ ಮುಖ್ಯ. ಕಾಫಿ ರಫ್ತಿನಲ್ಲೂ ಇದೇ ಪಾಠ: 60 ಕಿಲೋ ಚೀಲಗಳಲ್ಲಿ ಕಳಿಸಿದರೆ 20 ಅಡಿ ಕಂಟೇನರಿಗೆ ಸುಮಾರು 19 ಟನ್, ಕಂಟೇನರಿನೊಳಗೆ ದೊಡ್ಡ ಲೈನರ್ ಚೀಲ ಕಟ್ಟಿ ನೇರವಾಗಿ ಬೀಜ ಸುರಿದರೆ ಸುಮಾರು 21 ಟನ್.

ಪೂರ್ತಿ ಕಂಟೇನರ್ ತುಂಬುವಷ್ಟು ಮಾಲು ಇಲ್ಲದವರು ಬೇರೆಯವರ ಸರಕಿನ ಜತೆ ಜಾಗ ಹಂಚಿಕೊಳ್ಳಬಹುದು. ಆಗ ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದರ ಲೆಕ್ಕ ಹೆಚ್ಚಾಗುತ್ತದೋ ಅದರ ಮೇಲೆ ಬಾಡಿಗೆ. ಕುರ್ಚಿಗಳನ್ನು ಬಿಚ್ಚಿ ಚಪ್ಪಟೆಯಾಗಿ ಕಟ್ಟಿ ಕಳಿಸುವುದು ಇದಕ್ಕೇ.

ಸ್ನೇಹಿತರೇ, ಇದರಲ್ಲಿ ನಮಗೇನು ಕೆಲಸ ಎಂದು ಕೇಳಬಹುದು. ಬೇರೆ ಬೇರೆ ಅಳತೆಯ ಬಾಕ್ಸ್‌ಗಳನ್ನು ಒಂದು ಪೆಟ್ಟಿಗೆಯಲ್ಲಿ ಅತ್ಯುತ್ತಮವಾಗಿ ಜೋಡಿಸುವುದು ಕಂಪ್ಯೂಟರ್ ವಿಜ್ಞಾನದ ಕಠಿಣ ಪ್ರಶ್ನೆಗಳಲ್ಲಿ ಒಂದು. ಪರಿಪೂರ್ಣ ಉತ್ತರವನ್ನು ಸದಾ ಬೇಗ ಕೊಡುವ ವಿಧಾನ ಇದುವರೆಗೆ ಯಾರ ಬಳಿಯೂ ಇಲ್ಲ. ಸಾಕಷ್ಟು ಒಳ್ಳೆಯ ಉತ್ತರ ಕೊಡುವ ತಂತ್ರಾಂಶಗಳಿವೆ. ಬಿಇ ಪ್ರಾಜೆಕ್ಟಿಗೆ ಇದಕ್ಕಿಂತ ಹತ್ತಿರದ ವಿಷಯ ಎಲ್ಲಿದೆ? ಬಿ.ಕಾಂ. ಓದುವವರಿಗೆ ಸರಕು ಸಾಗಣೆ ಕಂಪನಿಗಳು, ಕಸ್ಟಮ್ಸ್ ಏಜೆಂಟರ ಕಚೇರಿಗಳು, ಉಗ್ರಾಣಗಳು ಇವೆ. ಸ್ವಂತ ವ್ಯವಹಾರ ಮಾಡುವವರಿಗೆ ಆಮದು–ರಫ್ತು ಸಂಕೇತ ಸಂಖ್ಯೆ (ಐಇಸಿ) ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆನ್‌ಲೈನ್‌ನಲ್ಲೇ ಸಿಗುತ್ತದೆ.

ಮುಂದಿನ ಹಂಗಾಮಿನಲ್ಲಿ ಮಣೂಕದ ಬಾಕ್ಸ್‌ಗಳು ಬಂದಾಗ ಒಂದು ಟೇಪು ಹಿಡಿದು ಅಳೆಯಿರಿ. 235ನ್ನು ಅದರ ಉದ್ದ, ಅಗಲಗಳಿಂದ ಭಾಗಿಸಿ ನೋಡಿ. ಶೇಷ ಎಷ್ಟು ಉಳಿಯುತ್ತದೋ ಅಷ್ಟು ಗಾಳಿಗೆ ನಮ್ಮ ರೈತರ ಬೆವರಿನಿಂದ ಬಾಡಿಗೆ ಹೋಗುತ್ತಿದೆ ಎಂದರ್ಥ. ಅದನ್ನು ತಪ್ಪಿಸಲು ಭಾಗಾಕಾರ ಬಂದರೆ ಸಾಕು.