ಕೋಳಿಯ ಈಲಿ, ಹಸಿ ಮೂಳೆ: ನಾಯಿಗೆ ಹಾಕುವ ಮುನ್ನ

ಯುಗಾದಿಯ ಮಾರನೆಯ ದಿನ, ಹೊಸ ತೊಡಕಿನ ಬೆಳಿಗ್ಗೆ, ಕೊಳ್ಳೇಗಾಲದ ಯಾವ ಬೀದಿಗೆ ಹೋದರೂ ನೋಟ ಒಂದೇ. ಕೋಳಿ ಅಂಗಡಿಯ ಮುಂದೆ ಜನರ ಸಾಲು. ಸಾಲಿನ ಪಕ್ಕದಲ್ಲಿ ನಾಯಿಗಳ ಗುಂಪು. ಹನೂರು, ಯಳಂದೂರು ಕಡೆಯ ಹಳ್ಳಿಗಳಲ್ಲಿ ಮರದ ನೆರಳಿನಲ್ಲಿ ಗುಡ್ಡೆ ಬಾಡಿನ ಹಂಚಿಕೆ. ಮನುಷ್ಯರಿಗೆ ಬೇಡವಾದ ಕರುಳು, ಶ್ವಾಸಕೋಶ, ಮೂಳೆ ಎಲ್ಲವೂ ಕಾದು ನಿಂತ ನಾಯಿಗಳ ಪಾಲು. ಮನೆಯಲ್ಲಿ ನಾಯಿ ಸಾಕಿದವರು ಅಂಗಡಿಯವನಿಂದ ಒಂದು ಚೀಲ 'ವೇಸ್ಟು' ಕೇಳಿ ಪಡೆದು ಹೋಗುವುದೂ ಉಂಟು.

"ಡಾಕ್ಟ್ರೇ, ನಾಯಿಗೆ ಕೋಳಿ ಈಲಿ, ಮೂಳೆ ಹಾಕಬಹುದಾ? ಹಸಿಯಾಗಿ ತಿಂದರೆ ಹುಚ್ಚು ಹಿಡಿಯುತ್ತಂತಲ್ಲ, ನಿಜವೇ?" ಎಂದು ಮಗುವಿನ ಭೇದಿಗೆ ಔಷಧಿ ಕೇಳಲು ಬಂದ ತಾಯಿಯೇ ಒಮ್ಮೊಮ್ಮೆ ಕೇಳುತ್ತಾರೆ. ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ. ಆದರೆ ನಾಯಿಯ ತಟ್ಟೆಗೂ ಮನೆಮಂದಿಯ ಆರೋಗ್ಯಕ್ಕೂ ಹತ್ತಿರದ ನಂಟಿದೆ. ಆದ್ದರಿಂದ ಈ ವಾರ ಅದೇ ವಿಷಯ.

ಹಸಿ ಮಾಂಸದಿಂದ ಹುಚ್ಚು ಬರುವುದಿಲ್ಲ

ಮೊದಲು ಈ ತಪ್ಪು ತಿಳಿವಳಿಕೆಯನ್ನು ಬಿಡೋಣ. ರೇಬಿಸ್ ಒಂದು ವೈರಸ್ ರೋಗ. ರೋಗವಿರುವ ಪ್ರಾಣಿ ಕಚ್ಚಿದಾಗ ಅದರ ಜೊಲ್ಲಿನ ಮೂಲಕ ಅದು ಹರಡುತ್ತದೆ. ಕೋಳಿಯ ಹಸಿ ಈಲಿ ತಿಂದ ಮಾತ್ರಕ್ಕೆ ನಾಯಿಗೆ ಹುಚ್ಚು ಹಿಡಿಯುವುದಿಲ್ಲ. ಹಾಗೆಯೇ 'ನಮ್ಮ ನಾಯಿಗೆ ಅನ್ನ, ಮುದ್ದೆ ಮಾತ್ರ ಹಾಕುತ್ತೇವೆ, ಇಂಜೆಕ್ಷನ್ ಬೇಡ' ಎನ್ನುವುದೂ ತಪ್ಪು. ಮರಿಗೆ 3 ತಿಂಗಳಾದಾಗ ರೇಬಿಸ್ ಲಸಿಕೆ, ನಂತರ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಮತ್ತೆ ಲಸಿಕೆ, ಎಲ್ಲ ನಾಯಿಗಳಿಗೂ ಬೇಕು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಬನ್ನಿ.

ಈಲಿ, ಗುಂಡಿಗೆ ಎಷ್ಟು ಹಾಕಬಹುದು?

ಕೋಳಿಯ ಈಲಿ ಮತ್ತು ಗುಂಡಿಗೆ ನಾಯಿಗೆ ಒಳ್ಳೆಯ ಆಹಾರವೇ. ಅವುಗಳಲ್ಲಿ ಪ್ರೋಟೀನು, ಕಬ್ಬಿಣದ ಅಂಶ, ಬಿ ಗುಂಪಿನ ಜೀವಸತ್ವಗಳು ಹೇರಳವಾಗಿವೆ. ಆದರೆ ಈಲಿಗೆ ಒಂದು ಮಿತಿ ಇದೆ. ದೇಹ 'ಎ' ಜೀವಸತ್ವವನ್ನು ಕೂಡಿಟ್ಟುಕೊಳ್ಳುವ ಉಗ್ರಾಣವೇ ಈಲಿ. ಅಗ್ಗವೆಂದು ದಿನವೂ ಹೊಟ್ಟೆ ತುಂಬ ಈಲಿಯನ್ನೇ ಹಾಕುತ್ತ ಹೋದರೆ, ತಿಂಗಳುಗಳ ನಂತರ ಆ ಜೀವಸತ್ವ ಮೈಯಲ್ಲಿ ಹೆಚ್ಚಾಗಿ ನಾಯಿಯ ಮೂಳೆ, ಕೀಲುಗಳಿಗೆ ತೊಂದರೆಯಾಗುತ್ತದೆ. ಇಡೀ ದಿನದ ಆಹಾರದಲ್ಲಿ ಈಲಿ 20ರಲ್ಲಿ 1 ಪಾಲು ಇದ್ದರೆ ಸಾಕು. ದಿನಕ್ಕೆ 600 ಗ್ರಾಂ ತಿನ್ನುವ ನಾಯಿಗೆ ಇದು 30 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕೋಳಿಯ ಈಲಿ.

ಮರಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಾಂಸ ಮತ್ತು ಈಲಿಯಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಬಹಳ ಕಡಿಮೆ. ಬರಿಯ ಮಾಂಸದಲ್ಲೇ ಬೆಳೆದ ಮರಿಯ ಮೂಳೆಗಳು ಟೊಳ್ಳಾಗಿ, ಕಾಲು ಸೊಟ್ಟಗಾಗಬಹುದು. ಮರಿಗೆ ಏನು, ಎಷ್ಟು ಹಾಕಬೇಕು ಎಂಬುದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ತಿಳಿಯುವುದು ಲೇಸು.

ನಾವು ತಿಂದು ಉಳಿದ ಸಾರನ್ನು ನಾಯಿಗೆ ಸುರಿಯುವ ಅಭ್ಯಾಸವೂ ಒಳ್ಳೆಯದಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. 10 ಕೆ.ಜಿ. ತೂಕದ ನಾಯಿಗೆ ಸುಮಾರು 150 ಗ್ರಾಂ ಈರುಳ್ಳಿಯೇ ತೊಂದರೆ ಕೊಡಲು ಸಾಕು. ಬೆಂದ ಮಾತ್ರಕ್ಕೆ ಅದರ ವಿಷ ಹೋಗುವುದಿಲ್ಲ. ನಾಯಿಯ ಪಾಲನ್ನು ಮಸಾಲೆ ಹಾಕುವ ಮೊದಲೇ ತೆಗೆದಿಟ್ಟು, ಬರಿ ನೀರಿನಲ್ಲಿ ಬೇಯಿಸಿ, ಅನ್ನಕ್ಕೋ ಮುದ್ದೆಗೋ ಕಲಸಿ ಹಾಕಿ.

ಮೂಳೆಯ ಪ್ರಶ್ನೆ

ಬೆಂದ ಕೋಳಿ ಮೂಳೆಯನ್ನು ನಾಯಿಗೆ ಹಾಕಲೇಬಾರದು. ಬೆಂದ ಮೇಲೆ ಮೂಳೆ ಪೆಡಸಾಗುತ್ತದೆ. ಕಡಿದಾಗ ಸೂಜಿಯಂತೆ ಸಿಗಿದು ಗಂಟಲು, ಹೊಟ್ಟೆ, ಕರುಳನ್ನು ಚುಚ್ಚಬಹುದು. ಕಬಾಬ್, ಸಾರು, ಬಿರಿಯಾನಿಯ ಮೂಳೆಗಳೆಲ್ಲ ಇದೇ ಲೆಕ್ಕ.

ಹಸಿ ಮೂಳೆ ಅಷ್ಟಾಗಿ ಸಿಗಿಯುವುದಿಲ್ಲ ನಿಜ. ಹಾಗೆಂದು ಅದು ನಿರಪಾಯಕಾರಿಯಲ್ಲ. ಆತುರದ ನಾಯಿ ಅಗಿಯದೆ ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೆಚ್ಚು ತಿಂದರೆ ಮಲ ಸುಣ್ಣದ ಗಡ್ಡೆಯಂತಾಗಿ ಮುಕ್ಕಿದರೂ ಹೊರಬರುವುದಿಲ್ಲ. ಕುರಿ, ಮೇಕೆಯ ಗಟ್ಟಿ ಕಾಲು ಮೂಳೆ ಕಡಿದು ಹಲ್ಲು ಸೀಳಿಕೊಂಡ ನಾಯಿಗಳೂ ಉಂಟು. ಮೂಳೆ ತಿಂದ ನಾಯಿ ಪದೇ ಪದೇ ವಾಂತಿ ಮಾಡಿದರೆ, ಊಟ ಬಿಟ್ಟರೆ, ಹೊಟ್ಟೆ ಮುಟ್ಟಗೊಡದಿದ್ದರೆ ಕಾಯಬೇಡಿ. ಎಣ್ಣೆ ಕುಡಿಸುವ ಮನೆಮದ್ದೂ ಬೇಡ. ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ನಾಯಿ ಗಟ್ಟಿಮುಟ್ಟು, ಮಗು ಕಾಯಿಲೆ

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲ, ಕ್ಯಾಂಪೈಲೊಬ್ಯಾಕ್ಟರ್ ಎಂಬ ಸೂಕ್ಷ್ಮಾಣುಗಳು ಇರುವುದು ಸಾಮಾನ್ಯ. ಅವುಗಳನ್ನು ತಿಂದ ನಾಯಿ ಎಷ್ಟೋ ಬಾರಿ ಏನೂ ಆಗದವರಂತೆ ಓಡಾಡಿಕೊಂಡಿರುತ್ತದೆ. ಆದರೆ ಅದರ ಬಾಯಿ, ಮಲ, ತಟ್ಟೆ, ಮೂಳೆ ಎಳೆದಾಡಿದ ಜಗುಲಿ ಎಲ್ಲ ಕಡೆ ಸೂಕ್ಷ್ಮಾಣು ಉಳಿಯುತ್ತದೆ. ಅಲ್ಲೇ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗಿಡುತ್ತದೆ. ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ನಾಲ್ಕೈದು ದಿನಕ್ಕೆ, ಜ್ವರ, ಹೊಟ್ಟೆನೋವು, ಭೇದಿ ಶುರು. 'ನಿನ್ನೆ ಏನು ತಿಂದಿತ್ತು?' ಎಂದರೆ ತಾಯಿಗೆ ಏನೂ ಹೊಳೆಯುವುದಿಲ್ಲ. ನಾಯಿಯ ತಟ್ಟೆ ಯಾರ ನೆನಪಿಗೂ ಬರುವುದಿಲ್ಲ. ಪುಟ್ಟ ಮಕ್ಕಳು, ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಿ ಹಸಿ ಮಾಂಸ, ಹಸಿ ಮೂಳೆಯ ಸಹವಾಸವೇ ಬೇಡ ಎಂಬುದು ನನ್ನ ಸಲಹೆ. ಒಳಗಿನವರೆಗೆ ಚೆನ್ನಾಗಿ ಬೇಯಿಸಿದರೆ ಈ ಸೂಕ್ಷ್ಮಾಣುಗಳು ಸಾಯುತ್ತವೆ, ಫ್ರಿಜ್‌ನಲ್ಲಿಟ್ಟರೆ ಸಾಯುವುದಿಲ್ಲ.

ಕುರಿ, ಮೇಕೆಯ ಮಾತೇ ಬೇರೆ

ಕೋಳಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಕುರಿಯ ಈಲಿ, ಶ್ವಾಸಕೋಶಗಳಲ್ಲಿ ಒಮ್ಮೊಮ್ಮೆ ನೀರು ತುಂಬಿದ ಬಿಳಿಯ ಗುಳ್ಳೆಗಳು ಕಾಣುತ್ತವೆ. ಕೊಯ್ಯುವವರು ಆ ಭಾಗವನ್ನು ಕತ್ತರಿಸಿ ನಾಯಿಗೆ ಎಸೆಯುತ್ತಾರೆ. ಮಾಡಬಾರದ ಕೆಲಸ ಇದೇ. ಅದು ಹೈಡಾಟಿಡ್ ಗುಳ್ಳೆ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಲಾಡಿಹುಳುಗಳು ಬೆಳೆಯುತ್ತವೆ. ಆರೇಳು ವಾರಗಳಲ್ಲಿ ಅವುಗಳ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು, ಹುಲ್ಲಿಗೆ, ಸೊಪ್ಪಿಗೆ, ನೀರಿಗೆ, ನಾಯಿಯ ಕೂದಲಿಗೆ ಅಂಟುತ್ತವೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಗುಳ್ಳೆ. ನಾಯಿಯನ್ನು ಮುದ್ದಾಡಿ ಕೈ ತೊಳೆಯದೆ ಉಂಡ ಮನುಷ್ಯನಿಗೂ ಗುಳ್ಳೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಆ ಕುರಿಯ ಮಾಂಸ ತಿಂದವರಿಗೆ ಅದರಿಂದ ಈ ರೋಗ ಬರುವುದಿಲ್ಲ. ರೋಗ ಬರುವುದು ನಾಯಿಯ ಮಲದ ಮೊಟ್ಟೆಗಳಿಂದ. ಮಾಂಸವನ್ನೇ ಮುಟ್ಟದ ಮನೆಯವರಿಗೂ ತೊಳೆಯದ ಸೊಪ್ಪಿನಿಂದ ಬರಬಹುದು. ಗುಳ್ಳೆ ಹೆಚ್ಚಾಗಿ ಈಲಿಯಲ್ಲಿ, ನಂತರ ಶ್ವಾಸಕೋಶದಲ್ಲಿ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಬಾಲ್ಯದಲ್ಲಿ ತಗುಲಿದ ರೋಗ ಮೂವತ್ತರ ವಯಸ್ಸಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗಬಹುದು. ಗುಳ್ಳೆ ಒಡೆದರೆ ತೀವ್ರ ಅಲರ್ಜಿಯಾಗಿ ಪ್ರಾಣಕ್ಕೇ ಕುತ್ತು. ಚಿಕಿತ್ಸೆಗೆ ಅಲ್ಬೆಂಡಜೋಲ್ ಮಾತ್ರೆ ಇದೆ. ಅನೇಕರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ತಡೆಯುವುದು ಮಾತ್ರ ಸುಲಭ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆ ಇರಲಿ, ಊರ ಮಾರಿಹಬ್ಬವಿರಲಿ, ಮನೆಯ ಬೀಗರೂಟವಿರಲಿ, ಗುಳ್ಳೆ ಇರುವ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಟುಕದಂತೆ ಆಳವಾಗಿ ಹೂಳಿ, ಇಲ್ಲವೇ ಸುಡಿ. ಗುಳ್ಳೆ ಕಾಣದಿದ್ದರೂ ಕುರಿ, ಮೇಕೆಯ ಒಳಭಾಗಗಳನ್ನು ಅರ್ಧ ಗಂಟೆ ಕುದಿಸದೆ ನಾಯಿಗೆ ಹಾಕಬೇಡಿ. ಕುರಿ ಕಾಯುವ ನಾಯಿಗೆ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಎಂಬ ಜಂತಿನ ಮಾತ್ರೆ ಕೊಡಿಸಿ. ಎಲ್ಲ ಜಂತಿನ ಮಾತ್ರೆಗಳೂ ಈ ಲಾಡಿಹುಳುವನ್ನು ಕೊಲ್ಲುವುದಿಲ್ಲ.

ತಾನಾಗಿ ಸತ್ತ ಕೋಳಿ

2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಓದುಗರಿಗೆ ನೆನಪಿರಬಹುದು. ಹಿತ್ತಲಿನಲ್ಲಿ ಕೋಳಿಗಳು ಸಾಲಾಗಿ ಸತ್ತರೆ 'ನಾಯಿಯಾದರೂ ತಿನ್ನಲಿ' ಎಂದು ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ನೆನಪಿಡಬೇಕಾದ ಅಂಶಗಳು

1. ಕೋಳಿಯ ಈಲಿ, ಗುಂಡಿಗೆಯನ್ನು ಮಸಾಲೆ ಇಲ್ಲದೆ ಬೇಯಿಸಿ, ಮಿತವಾಗಿ ಹಾಕಿ.

2. ಬೆಂದ ಮೂಳೆ ಎಂದಿಗೂ ಬೇಡ. ಮಕ್ಕಳು, ಗರ್ಭಿಣಿಯರು, ವೃದ್ಧರಿರುವ ಮನೆಯಲ್ಲಿ ಹಸಿ ಮೂಳೆಯೂ ಬೇಡ.

3. ನಾಯಿಯ ತಟ್ಟೆಯನ್ನು ಅಡುಗೆಮನೆಯ ಪಾತ್ರೆಗಳೊಂದಿಗೆ ತೊಳೆಯಬೇಡಿ. ಮಾಂಸ ಮುಟ್ಟಿದ ನಂತರ, ನಾಯಿಯನ್ನು ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯಿರಿ.

4. ಕುರಿ, ಮೇಕೆಯ ಹಸಿ ಒಳಭಾಗಗಳನ್ನು ಯಾವ ನಾಯಿಗೂ, ಬೀದಿ ನಾಯಿಗೂ ಎಸೆಯಬೇಡಿ.

5. ರೇಬಿಸ್ ಲಸಿಕೆ ಮತ್ತು ಜಂತಿನ ಔಷಧಿಯನ್ನು ತಪ್ಪಿಸಬೇಡಿ.

ಮುಂದಿನ ಹಬ್ಬದಲ್ಲಿ ಬಾಡು ಹಂಚುವಾಗ ಒಂದು ಗುದ್ದಲಿಯನ್ನೂ ಜೊತೆಗಿಟ್ಟುಕೊಳ್ಳಿ. ಬೇಡದ್ದನ್ನು ಹೂಳಲು ಬೇಕಾಗುವ ಹತ್ತು ನಿಮಿಷದ ಶ್ರಮ, ಮುಂದೊಂದು ದಿನ ನಿಮ್ಮ ಮಗುವಿಗೆ ಆಗಬಹುದಾದ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಬಲ್ಲದು.